ಬರಿಗಾಲಿನ ಮೇಷ್ಟ್ರು: ಅಹಮದ್ ಖಾನ್ ಅವರ ಬದುಕು ಮತ್ತು ಆಟ



ನಮ್ಮ ಭಾಗದ ಹೈಸ್ಕೂಲು ಮೈದಾನಗಳಲ್ಲಿ ಜೀವಮಾನವಿಡೀ ಸೀಟಿ ಊದಿದ ಪಿ.ಟಿ. ಮೇಷ್ಟ್ರೊಬ್ಬರ ನೆನಪಿಗೆ ಇಟ್ಟ ದತ್ತಿ ಇದು. ಒಬ್ಬ ಆಟಗಾರನ ಬದುಕನ್ನು ಹಿಡಿದು ಮಾತಾಡಿ, ಆತ ಕ್ರಿಕೆಟ್ಟಿನವನಾಗದಿದ್ದರೆ ಸಂತೋಷ ಎಂದಷ್ಟೇ ಕುಟುಂಬದವರು ಹೇಳಿದ್ದು. ನಾನು ಆರಿಸಿಕೊಂಡಿರುವುದು ಫುಟ್‌ಬಾಲ್ ಆಟಗಾರ ಅಹಮದ್ ಖಾನ್ ಅವರನ್ನು. ಅವರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದವರು, 2017ರ ಆಗಸ್ಟ್ 27ರಂದು ಅದೇ ಬೆಂಗಳೂರಿನಲ್ಲಿ ತೀರಿಕೊಂಡವರು. ಎರಡು ಒಲಿಂಪಿಕ್ಸ್ ಆಡಿದರು, ಮೊದಲ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದರು, ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹತ್ತು ವರ್ಷ ಆಡಿ ಅದರ ನಾಯಕರೂ ಆದರು. ಕಲ್ಕತ್ತಾದಲ್ಲಿ ಹಳಬರ ಮುಂದೆ ಈ ಹೆಸರೆತ್ತಿದರೆ ಮಾತು ಮುಗಿಯುವುದೇ ಇಲ್ಲ. ಕೆಂಗೇರಿ ದಾಟಿ ಈಚೆ ಬಂದರೆ ಅದನ್ನು ಕೇಳಿದವರು ಸಿಗುವುದು ಕಷ್ಟ. ಅವರು ಹುಟ್ಟಿದಾಗ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಜಿಲ್ಲೆಗೇ ಸೇರಿದ್ದವು, ರಾಮನಗರಕ್ಕೆ ಇನ್ನೂ ಕ್ಲೋಸ್‌ಪೇಟೆ ಎಂದೇ ಹೆಸರಿತ್ತು. ಆ ಲೆಕ್ಕದಲ್ಲಿ ಅವರು ನಮ್ಮ ಜಿಲ್ಲೆಯವರೇ.

ಅಹಮದ್ ಖಾನ್ ಬರಿಗಾಲಲ್ಲಿ ಆಡಿದವರು. ಅವರ ತಲೆಮಾರಿನ ಬಹುಪಾಲು ಆಟಗಾರರೂ ಹಾಗೆಯೇ. ಇಂದು ಆ ಚಿತ್ರ ನೋಡಿದವರು "ಪಾಪ, ಬೂಟಿಗೆ ದುಡ್ಡಿರಲಿಲ್ಲ" ಎನ್ನುತ್ತಾರೆ, ಇಲ್ಲವೇ "ಗೊತ್ತಿಲ್ಲದೆ ಆಡಿದರು" ಎನ್ನುತ್ತಾರೆ. ಎರಡೂ ಅವರಿಗೆ ಮಾಡುವ ಅನ್ಯಾಯವೆಂದು ನನ್ನ ಖಚಿತ ನಂಬಿಕೆ. ಬರಿಗಾಲಿನ ಆಟ ಒಂದು ಕಸುಬು. ಅದಕ್ಕೆ ಅದರದೇ ಪಾಠ, ಪಟ್ಟು, ಪರಂಪರೆ ಇದ್ದವು. ಅಹಮದ್ ಖಾನ್ ಆ ಕಸುಬಿನ ದೊಡ್ಡ ಮೇಷ್ಟ್ರು. ಅದು ಕೊನೆಗೊಂಡದ್ದನ್ನು ಕಣ್ಣಾರೆ ಕಂಡು, ಆಮೇಲೂ ಆಡಿದವರು. ಅವರ ಕಥೆಯನ್ನು ಒಬ್ಬ ಕಸುಬುದಾರನ ಕಥೆಯಾಗಿಯೇ ಹೇಳಲು ಹೊರಟಿದ್ದೇನೆ.

ಅವರು ಹುಟ್ಟಿದ ಕಾಲಕ್ಕೆ ಬೆಂಗಳೂರು ಎರಡು ಊರು. ಪೇಟೆ ಮಹಾರಾಜರ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ದಂಡು ಬ್ರಿಟಿಷರ ಆಡಳಿತದಲ್ಲಿದ್ದದ್ದು. ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ವಾರಗಳ ಮುಂಚೆ. ಫುಟ್‌ಬಾಲ್ ಬೆಂಗಳೂರಿಗೆ ಬಂದದ್ದು ದಂಡಿನ ಸೋಲ್ಜರುಗಳ ಜೊತೆ. ಸಂಜೆ ರೆಜಿಮೆಂಟಿನವರು ಆಡುವುದು, ಸುತ್ತಲಿನ ಗಲ್ಲಿಗಳ ಹುಡುಗರು ಗೆರೆಯಾಚೆ ನಿಂತು ನೋಡುವುದು, ಅವರು ಹೋದ ಮೇಲೆ ಅದೇ ಮಣ್ಣಿನಲ್ಲಿ ತಾವೂ ಆಡುವುದು. ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್, ಅಶೋಕನಗರಗಳಲ್ಲಿ ಈ ಆಟ ಬೇರೂರಿದ್ದು ಹೀಗೆ. ತಮಿಳು, ಉರ್ದು, ಕನ್ನಡ, ತೆಲುಗು ಆಡುವ ದುಡಿಮೆಗಾರರ ಮನೆಗಳ ಹುಡುಗರು ಒಂದೇ ತಂಡದಲ್ಲಿ ಬೆರೆತು ಆಡಿದರು.

ಆ ಹುಡುಗರು ದೊಡ್ಡವರಾಗಿ ಏನು ಮಾಡಿದರೆನ್ನುವುದಕ್ಕೆ ಒಂದು ಸಂಗತಿ ಸಾಕು. ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. ನಲವತ್ತಕ್ಕೂ ಹೆಚ್ಚು ವರ್ಷ ಅದನ್ನು ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತ ಬಂದವು. 1937ರಲ್ಲಿ ಆ ಸಾಲು ಮುರಿದು ಕಪ್ ಎತ್ತಿದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮಾರನೆಯ ವರ್ಷ ಫೈನಲ್‌ನಲ್ಲಿ ಬ್ರಿಟಿಷ್ ಪಲ್ಟನ್ನನ್ನೇ ಸೋಲಿಸಿ ಮತ್ತೊಮ್ಮೆ ಗೆದ್ದರು. ಆಗ ಅಹಮದ್ ಹತ್ತು-ಹನ್ನೊಂದರ ಹುಡುಗ. ತಂದೆ ಮೆಹಮೂದ್ ಖಾನ್, ಎಲ್ಲರ ಬಾಯಲ್ಲಿ ಬಾಬಾ ಖಾನ್, ಸ್ವತಃ ಫುಟ್‌ಬಾಲ್ ಆಟಗಾರ. ಅಣ್ಣತಮ್ಮಂದಿರೂ ಚೆಂಡು ಒದ್ದವರೇ. ಮನೆಯಲ್ಲೂ ಆಟ, ಬೀದಿಯಲ್ಲೂ ಆಟ. ಊರಿನ ತಂಡ ದೊರೆಗಳ ತಂಡವನ್ನು ಸೋಲಿಸಿ ಬಂದ ಸುದ್ದಿ ಕೇಳಿ ಬೆಳೆದ ಹುಡುಗ ಬೆಂಗಳೂರಿನ ಕ್ಲಬ್ಬುಗಳಲ್ಲಿ ಪಳಗಿ, ಇಪ್ಪತ್ತು ದಾಟುವ ಹೊತ್ತಿಗೆ ಮೈಸೂರು ಸಂಸ್ಥಾನದ ತಂಡದಲ್ಲಿದ್ದ. ಅಷ್ಟರಲ್ಲಿ ಮೈಸೂರು 1946-47ರ ಸಂತೋಷ್ ಟ್ರೋಫಿಯನ್ನು ಬಂಗಾಳದ ಕೈಯಿಂದ ಕಿತ್ತುಕೊಂಡಿತ್ತು.

ಈಗ ಬರಿಗಾಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಆ ಕಾಲದ ಚೆಂಡು ಈಗಿನ ಹಗುರ, ನುಣುಪು ಚೆಂಡಲ್ಲ. ದಪ್ಪ ಚರ್ಮದ ಪಟ್ಟಿಗಳನ್ನು ಹೊಲಿದು, ಒಳಗೆ ರಬ್ಬರಿನ ಬ್ಲಾಡರ್ ಇಟ್ಟು, ಬಾಯಿಗೆ ಚರ್ಮದ ದಾರ ಬಿಗಿದ ಚೆಂಡು. ಒಣಗಿರುವಾಗ 14ರಿಂದ 16 ಔನ್ಸ್ ತೂಕ. ಮಳೆಯಲ್ಲಿ ನೀರು ಕುಡಿದರೆ ಎಷ್ಟೋ ಹೆಚ್ಚು. ಎದುರಾಳಿಯ ಕಾಲಲ್ಲಿ ಬೆರಳಿನ ತುದಿಗೆ ಗಟ್ಟಿ ಚರ್ಮ, ಅಡಿಗೆ ಕಡ್ಡಿ ಹೊಡೆದ ಬೂಟು. ಅಂಥ ಬೂಟಿನ ನಡುವೆ ಬರಿಗಾಲು ಇಟ್ಟು ಆಡುವವನು ಪಾದದ ಕೀಲಿಗೆ ಬ್ಯಾಂಡೇಜ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಹಿಮ್ಮಡಿ ಮತ್ತು ಬೆರಳುಗಳನ್ನು ತೆರೆದು ಬಿಡುತ್ತಿದ್ದ. ಕೀಲಿಗೆ ಬಲ ಬೇಕು, ಬೆರಳಿಗೆ ಬಿಡುವು ಬೇಕು. ಒದೆಯುವುದು ಬೆರಳಿನ ತುದಿಯಿಂದಲ್ಲ, ಪಾದದ ಮೇಲ್ಭಾಗದಿಂದ. ತುದಿಯಿಂದ ಒದ್ದವನಿಗೆ ಮಾರನೆಯ ದಿನ ಆಟವಿಲ್ಲ. ಚೆಂಡನ್ನು ತಡೆಯುವುದು ಅಂಗಾಲಿನಿಂದ, ಎಳೆದುಕೊಳ್ಳುವುದು ಬೆರಳುಗಳಿಂದ, ಬದಿಗೆ ಜಾರಿಸುವುದು ಪಾದದ ಒಳಬದಿಯಿಂದ. ಬೂಟಿನೊಳಗೆ ಇವೆಲ್ಲ ಒಂದೇ ತುಂಡಾಗುತ್ತವೆ, ಬರಿಗಾಲಲ್ಲಿ ಒಂದೊಂದೂ ಬೇರೆ ಬೇರೆ ಕೆಲಸ ಮಾಡುತ್ತದೆ.

ಇಲ್ಲಿ ಕೂತ ಚನ್ನಪಟ್ಟಣದವರಿಗೆ ಇದನ್ನು ಹೇಳುವುದು ಸುಲಭ. ಆಲೆ ಮರದ ತುಂಡು ಕಡೆಯಂತ್ರದಲ್ಲಿ ತಿರುಗುತ್ತಿರುವಾಗ ಅರಗಿನ ಕೋಲನ್ನು ಎಷ್ಟು ಒತ್ತಬೇಕು, ತಾಳೆಗರಿಯನ್ನು ಯಾವಾಗ ಹಿಡಿಯಬೇಕು ಎಂಬುದನ್ನು ಗೊಂಬೆ ಮಾಡುವವನ ಬೆರಳು ಹೇಳುತ್ತದೆ. ದಪ್ಪ ಕೈಗವಸು ತೊಡಿಸಿದರೆ ಬಣ್ಣ ಹಚ್ಚಬಹುದು, ಆ ಹೊಳಪು ಬರುವುದಿಲ್ಲ. ಅಹಮದ್ ಖಾನ್ ಅವರ ಕಾಲಿಗೆ ಚೆಂಡಿನ ವಿಷಯದಲ್ಲಿ ಇದ್ದದ್ದು ಆ ತಿಳಿವಳಿಕೆ. ಅವರು ಆಡುತ್ತಿದ್ದುದು ಎಡ ಒಳಬದಿಯ ಫಾರ್ವರ್ಡ್ ಆಗಿ. ಓಟದ ವೇಗ ಅವರ ಬಲವಲ್ಲ. ಚೆಂಡು ಕಾಲಿಗೆ ಬಂದ ಮೇಲೆ ಎದುರಾಳಿಯನ್ನು ಹತ್ತಿರ ಬರಲು ಬಿಟ್ಟು, ಅವನ ತೂಕ ಒಂದು ಕಾಲಿನ ಮೇಲೆ ಬಿದ್ದ ಗಳಿಗೆಯಲ್ಲಿ ಚೆಂಡನ್ನು ಇನ್ನೊಂದು ಬದಿಗೆ ಸರಿಸಿ ದಾಟುವುದು ಅವರ ಪಟ್ಟು. ಅವರಿಗೆ ಅಂಟಿದ ಬಿರುದು "ಹಾವಾಡಿಗ". ಇಬ್ಬರು ಮೂವರು ಅವರ ಸುತ್ತ ಬಂದರೂ ಚೆಂಡು ಅವರ ಕಾಲ ಬುಡ ಬಿಟ್ಟು ಹೋಗುತ್ತಿರಲಿಲ್ಲ.

ಈ ಕಸುಬಿಗೆ ಇತಿಹಾಸವೂ ಇತ್ತು. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಲ್ಲಿ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಅಂದಿನಿಂದ ಬರಿಗಾಲು ಎಂದರೆ ಬೂಟಿನವನನ್ನು ಸೋಲಿಸುವ ದಾರಿ ಎಂಬ ಹೆಮ್ಮೆ ಈ ದೇಶದ ಮೈದಾನಗಳಲ್ಲಿ ಬೆಳೆಯಿತು. ಆ ಹೆಮ್ಮೆಗೆ ಮಿತಿಯೂ ಇತ್ತು. ಒಣ ನೆಲದಲ್ಲಿ ಬರಿಗಾಲಿನವನದೇ ಮೇಲುಗೈ. ಮಳೆ ಬಂದು ಹುಲ್ಲು ಜಾರಲು ಶುರುವಾದರೆ ಆಟ ಬೂಟಿನವನ ಕಡೆ ವಾಲುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಹೆಲ್ಸಿಂಕಿಯಲ್ಲಿ ಬೇಕಾಗುತ್ತದೆ.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಊರಿನ ಪೂರ್ವದಂಚಿನ ಇಲ್ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸಿನ ಮೊದಲ ಪಂದ್ಯಕ್ಕೆ ಇಳಿಯಿತು. ಎದುರಾಳಿ ಫ್ರಾನ್ಸ್. ನಾಯಕ ನಾಗಾ ಬೆಟ್ಟಗಳ ಡಾ. ಟಿ. ಆವ್. ತಂಡದಲ್ಲಿ ಹೆಚ್ಚಿನವರು ಬರಿಗಾಲು. ಗೋಲ್‌ಕೀಪರ್ ಕೆ.ವಿ. ವರದರಾಜ್, ಮುಂದೆ ಸಾರಂಗಪಾಣಿ ರಾಮನ್, ಜೊತೆಗೆ ಅಹಮದ್ ಖಾನ್ ಎಲ್ಲರೂ ಮೈಸೂರಿನ ಕಡೆಯಿಂದ ಹೋದವರು. ಫ್ರಾನ್ಸ್ ಮೊದಲ ಅರ್ಧದಲ್ಲಿ ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಕೊನೆಯ ನಿಮಿಷದಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಲ್ಲಿ ಗೆದ್ದಿತು. ಸೋತ ತಂಡಕ್ಕೆ ಸಿಕ್ಕ ಚಪ್ಪಾಳೆ ಗೆದ್ದವರಿಗೆ ಸಿಗಲಿಲ್ಲ. ಬರಿಗಾಲಲ್ಲಿ ಹೀಗೂ ಆಡಬಹುದೆ ಎಂದು ಲಂಡನ್ನಿನ ಜನ ಬೆರಗಾದರು. ಆ ಪ್ರವಾಸದಲ್ಲೇ ತಂಡ ಹಾಲೆಂಡಿಗೆ ಹೋಗಿ ಅಯಾಕ್ಸ್ ಕ್ಲಬ್ಬನ್ನು 5-1ರಲ್ಲಿ ಸೋಲಿಸಿತು. ಅಯಾಕ್ಸ್ ಇಂದು ಯೂರೋಪಿನ ಹೆಸರಾಂತ ಕ್ಲಬ್ಬು.

ಅದೇ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೆಯ ಬಾರಿ ರೋವರ್ಸ್ ಕಪ್ ಗೆದ್ದಿತು, ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ಕಲ್ಕತ್ತಾದ ಕ್ಲಬ್ಬುಗಳ ಕಣ್ಣು ಆಗಲೇ ದಕ್ಷಿಣದ ಮೇಲಿತ್ತು. ಮರುವರ್ಷ ಅಹಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಕ್ಲಬ್ಬಿನ ಕಾರ್ಯದರ್ಶಿ ಜೆ.ಸಿ. ಗುಹಾ ದಕ್ಷಿಣದಿಂದ ಆಟಗಾರರನ್ನು ಹುಡುಕಿ ತಂದು ಮುಂಚೂಣಿಯ ಐವರನ್ನು ಕಟ್ಟಿದರು: ಬಲತುದಿಯಲ್ಲಿ ವೆಂಕಟೇಶ್, ಬಲ ಒಳಬದಿಗೆ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಬದಿಗೆ ಅಹಮದ್ ಖಾನ್, ಎಡತುದಿಯಲ್ಲಿ ಸಾಲೆ. ಐವರೂ ದಕ್ಷಿಣದವರೇ. ಕಲ್ಕತ್ತಾದ ಜನ ಅವರನ್ನು "ಪಂಚಪಾಂಡವರು" ಎಂದು ಕರೆದರು.

ಈ ಹೆಸರು ನನ್ನನ್ನು ಬಹಳ ದಿನದಿಂದ ಕಾಡಿದೆ. ಈಸ್ಟ್ ಬೆಂಗಾಲ್ ಕ್ಲಬ್ಬು 1920ರಲ್ಲಿ ಶುರುವಾದದ್ದು ಪೂರ್ವ ಬಂಗಾಳದಿಂದ ಬಂದವರ ಕ್ಲಬ್ಬಾಗಿ. ದೇಶ ಹೋಳಾದ ಮೇಲೆ ಅದರ ಅಭಿಮಾನಿಗಳೆಂದರೆ ಢಾಕಾ, ಬರಿಸಾಲ್, ಮೈಮನ್‌ಸಿಂಗ್‌ಗಳಲ್ಲಿ ಮನೆಮಠ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಕಲ್ಕತ್ತಾದ ನಿರಾಶ್ರಿತರ ಕಾಲೊನಿಗಳಲ್ಲಿ ಬಿಡಾರ ಹೂಡಿದ ಹಿಂದೂ ಕುಟುಂಬಗಳು. 1946ರ ಕಲ್ಕತ್ತಾ ಗಲಭೆಯ ನೆನಪು ಹಸಿಯಾಗಿತ್ತು. 1950ರ ಆರಂಭದಲ್ಲಿ ಮತ್ತೆ ಹಿಂಸೆ ಭುಗಿಲೆದ್ದು ಲಕ್ಷಾಂತರ ಜನ ಗಡಿ ದಾಟಿದರು. ನೆಹರೂ-ಲಿಯಾಕತ್ ಒಪ್ಪಂದ ಆದದ್ದು ಅದೇ ಏಪ್ರಿಲ್‌ನಲ್ಲಿ. ಮನೆ ಕಳೆದುಕೊಂಡ ಆ ಜನ ಶನಿವಾರ ಸಂಜೆ ಮೈದಾನಕ್ಕೆ ಬಂದು ಹೆಸರು ಹಿಡಿದು ಕೂಗುತ್ತಿದ್ದದ್ದು ಯಾರನ್ನು? ಬೆಂಗಳೂರಿನ ಉರ್ದು ಮನೆಮಾತಿನ ಅಹಮದ್ ಖಾನ್‌ರನ್ನು, ಕೇರಳದ ಸಾಲೆಯವರನ್ನು. ಅವರ ಐವರು ಪಾಂಡವರಲ್ಲಿ ಇಬ್ಬರು ಮುಸಲ್ಮಾನರು. ಇದನ್ನು ಯಾರೂ ಯೋಜನೆ ಹಾಕಿ ಮಾಡಲಿಲ್ಲ. ಭಾಷಣ ಮಾಡಿ ಒಪ್ಪಿಸಲೂ ಇಲ್ಲ. ಚೆಂಡು ಅಹಮದರ ಕಾಲಿಗೆ ಬಂದಾಗ ಎದ್ದು ನಿಂತ ನಿರಾಶ್ರಿತನಿಗೆ ಆ ಕಾಲು ಯಾರದೆಂಬ ವಿಚಾರ ಬರಲಿಲ್ಲ. ನಮ್ಮ ನಾಡಿನ ಒಬ್ಬ ಆಟಗಾರನ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಸಾಧನೆ ಇದು. ಪದಕಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಪದಕ-ಕಪ್ಪುಗಳ ಮಾತೂ ಆಗಿಬಿಡಲಿ. 1949ರಲ್ಲಿ ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಈಸ್ಟ್ ಬೆಂಗಾಲ್ ಗೆದ್ದಿತು. ಶೀಲ್ಡನ್ನು 1949, 1950, 1951ರಲ್ಲಿ ಸತತ ಮೂರು ವರ್ಷ. ದೆಹಲಿಯ ಡ್ಯುರಾಂಡ್ ಕಪ್ಪನ್ನು 1951 ಮತ್ತು 1952ರಲ್ಲಿ. 1953ರಲ್ಲಿ ಕ್ಲಬ್ಬು ರುಮೇನಿಯಾದ ಯುವಜನೋತ್ಸವಕ್ಕೆ, ಅಲ್ಲಿಂದ ಸೋವಿಯತ್ ಒಕ್ಕೂಟಕ್ಕೆ ಹೋಗಿ ಆಡಿ ಬಂತು. 1954ರಲ್ಲಿ ಅಹಮದ್ ಖಾನ್ ಅದರ ನಾಯಕರಾದರು.

ನಡುವೆ ಒಂದು ದಂತಕಥೆಯನ್ನು ಬಿಡಿಸಬೇಕು. 1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಭಾರತಕ್ಕೆ ಪ್ರವೇಶ ಸಿಕ್ಕಿತ್ತು. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಅರ್ಹತಾ ಪಂದ್ಯ ಆಡದೆಯೇ ಭಾರತ ಒಳಗಾಯಿತು. ಇಟಲಿ, ಸ್ವೀಡನ್, ಪರಾಗ್ವೆಗಳಿದ್ದ ಗುಂಪಿಗೆ ನಮ್ಮನ್ನು ಹಾಕಿದ್ದರು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವಂತೆ, ಅದಕ್ಕೇ ಹೋಗಲಿಲ್ಲವಂತೆ ಎಂಬ ಮಾತು ಅಂದಿನಿಂದ ಇಂದಿನವರೆಗೂ ಓಡಾಡುತ್ತಿದೆ. ನಮ್ಮ ಶಾಲೆಗಳ ಕ್ವಿಜ್ ಸ್ಪರ್ಧೆಗಳಲ್ಲಿ ನಾನೇ ಕೇಳಿದ್ದೇನೆ. ಕಾರಣಗಳು ಬೇರೆ. ಅಭ್ಯಾಸಕ್ಕೆ ಸಮಯ ಸಾಲದು ಎಂಬ ಅಳುಕು, ಆಟಗಾರರ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ವಾರಗಟ್ಟಲೆ ಹಡಗಿನ ಪಯಣ. ಎಲ್ಲಕ್ಕಿಂತ ಹೆಚ್ಚಾಗಿ, ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಷ್ಟೇನೂ ಅಲ್ಲ ಎಂಬ ಅಂದಿನ ಆಡಳಿತಗಾರರ ತಿಳಿವಳಿಕೆ. ತಪ್ಪು ಕುರ್ಚಿಯಲ್ಲಿ ಕೂತವರದು. ಆ ಹೊರೆಯನ್ನು ಆಟಗಾರರ ಬರಿಗಾಲ ಮೇಲೆ ಹೊರಿಸಿದ್ದು ಆ ಕಾಲುಗಳಿಗೆ ಮಾಡಿದ ಎರಡನೆಯ ಅನ್ಯಾಯ. 23 ವರ್ಷದ ಅಹಮದ್ ಖಾನ್ ತಮ್ಮ ಆಟದ ಉಚ್ಛ್ರಾಯದಲ್ಲಿದ್ದಾಗ ಜಗತ್ತಿನ ಅತಿ ದೊಡ್ಡ ಮೈದಾನ ಅವರಿಗೆ ಸಿಗದೇ ಹೋಯಿತು. ನನಗೆ ಇದು ಇಂದಿಗೂ ಸಂಕಟದ ಸಂಗತಿ.

ಮರುವರ್ಷ ಸ್ವಲ್ಪ ಸಮಾಧಾನ. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಹೈದರಾಬಾದಿನ ಶಾಲಾ ಮೇಷ್ಟ್ರಾಗಿದ್ದ ಸೈಯದ್ ಅಬ್ದುಲ್ ರಹೀಮ್ ಕೋಚ್, ಶೈಲೇನ್ ಮನ್ನಾ ನಾಯಕ. ಇಂಡೊನೇಷ್ಯಾವನ್ನು 3-0, ಅಫ್ಘಾನಿಸ್ತಾನವನ್ನು 3-0, ಫೈನಲ್‌ನಲ್ಲಿ ಇರಾನನ್ನು 1-0ಯಲ್ಲಿ ಸೋಲಿಸಿ ಚಿನ್ನ. ಫೈನಲ್‌ನ ಆ ಒಂದೇ ಗೋಲು ಮೇವಾಲಾಲ್ ಅವರದು. ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದ ಈ ತಂಡದ ಎಡ ಒಳಬದಿಯಲ್ಲಿ ನಮ್ಮ ಅಹಮದ್ ಖಾನ್.

ಇನ್ನು ಹೆಲ್ಸಿಂಕಿ.

1952 ನಮ್ಮ ಭಾಗದವರಿಗೆ ಮರೆಯಲಾಗದ ವರ್ಷ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ಮುಗಿದು ನಮ್ಮವರೇ ಆದ ಕೆಂಗಲ್ ಹನುಮಂತಯ್ಯನವರು ಮಾರ್ಚ್ ಕೊನೆಯಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು. ಆ ಸಂಭ್ರಮದ ನಡುವೆ, ಜುಲೈ 15ರಂದು, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಭಾರತ ಯುಗೊಸ್ಲಾವಿಯಾವನ್ನು ಎದುರಿಸಿತು. ನಮ್ಮ ನೆಲದ ಬಿಸಿಲಿಗೆ ಒಗ್ಗಿದ ಕಾಲುಗಳಿಗೆ ಉತ್ತರದ ಆ ತಣ್ಣನೆ ಹುಲ್ಲು. ಬಹುಪಾಲು ಆಟಗಾರರು ಅಲ್ಲೂ ಬರಿಗಾಲು. ನಮ್ಮ ದೇಶದ ಪಂದ್ಯಗಳು ಆಗ 70 ನಿಮಿಷದವು, ಒಲಿಂಪಿಕ್ಸಿನದು 90. ಎದುರಿಗಿದ್ದ ಯುಗೊಸ್ಲಾವಿಯಾ ಅಂದಿನ ಜಗತ್ತಿನ ಬಲಿಷ್ಠ ತಂಡಗಳಲ್ಲೊಂದು. ಆ ಒಲಿಂಪಿಕ್ಸಿನಲ್ಲಿ ಫೈನಲ್‌ವರೆಗೆ ಹೋಗಿ ಹಂಗೆರಿಗೆ ಸೋತು ಬೆಳ್ಳಿ ಗೆದ್ದಿತು. ಆಟ ಶುರುವಾದ ಎರಡನೆಯ ನಿಮಿಷಕ್ಕೇ ಮೊದಲ ಗೋಲು ಬಿತ್ತು. ಜೆಬೆಕ್ ಎಂಬ ಆಟಗಾರ ಒಬ್ಬರೇ ನಾಲ್ಕು ಹೊಡೆದರು. 87ನೆಯ ನಿಮಿಷಕ್ಕೆ ಲೆಕ್ಕ 10-0.

ಹತ್ತು ಗೋಲು ತಿಂದ ತಂಡ ಕೊನೆಯ ಎರಡು ಮೂರು ನಿಮಿಷದಲ್ಲಿ ಏನು ಮಾಡುತ್ತದೆ? ಮೈದಾನದ ಅನುಭವ ಇರುವ ಶಿಕ್ಷಕರು ಇಲ್ಲಿ ಬಹಳ ಮಂದಿ ಇದ್ದೀರಿ. ಕಾಲು ಸೋತಿರುತ್ತದೆ, ತಲೆ ತಗ್ಗಿರುತ್ತದೆ, ಸೀಟಿ ಯಾವಾಗ ಊದುತ್ತಾರೋ ಎಂದು ಎಲ್ಲರೂ ರೆಫರಿಯನ್ನು ನೋಡುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ, 89ನೆಯ ನಿಮಿಷದಲ್ಲಿ, ಅಹಮದ್ ಖಾನ್ ಗೋಲು ಹೊಡೆದರು. ಪಂದ್ಯ 10-1ಕ್ಕೆ ಮುಗಿಯಿತು. ಭಾರತದ ಒಲಿಂಪಿಕ್ ಫುಟ್‌ಬಾಲ್‌ನ ಅತಿ ದೊಡ್ಡ ಸೋಲಿನಲ್ಲಿ ಭಾರತದ ಲೆಕ್ಕಕ್ಕೆ ಸೇರಿದ ಆ ಒಂದು ಅಂಕಿ ಅವರದು. ಪುಸ್ತಕಗಳಲ್ಲಿ ಈ ಗೋಲಿಗೆ ಅರ್ಧ ಸಾಲು ಸಿಗುತ್ತದೆ. ನನಗೆ ಅದು ಇಡೀ ಪಂದ್ಯದ ದೊಡ್ಡ ಘಟನೆ. ಗೆಲ್ಲುವ ಆಸೆ ಪೂರ್ತಿ ಹೋದ ಮೇಲೂ ಆ ಮನುಷ್ಯ ಚೆಂಡಿನ ಹಿಂದೆ ಹೋಗಿದ್ದಾರೆ, ರಕ್ಷಣೆಯವರನ್ನು ದಾಟಿದ್ದಾರೆ, ಗೋಲಿನತ್ತ ಒದ್ದಿದ್ದಾರೆ. ಅದು ಮೈಯಲ್ಲಿ ಇಳಿದ ಅಭ್ಯಾಸ. ಕಸುಬುದಾರ ಕೊನೆಯ ತುಂಡನ್ನೂ ನೀಟಾಗಿಯೇ ಮುಗಿಸುತ್ತಾನೆ. ಅದೇ ಒಲಿಂಪಿಕ್ಸಿನಲ್ಲಿ ಭಾರತ ಹಾಕಿಯಲ್ಲಿ ಚಿನ್ನ ಗೆದ್ದಿತು, ಕುಸ್ತಿಯಲ್ಲಿ ಕೆ.ಡಿ. ಜಾಧವ್ ಕಂಚು ತಂದರು. ಆ ಗೆಲುವುಗಳ ಅಬ್ಬರದಲ್ಲಿ ಈ ಗೋಲು ಮುಚ್ಚಿಹೋಯಿತು.

ಹೆಲ್ಸಿಂಕಿಯ ಬಳಿಕ ಭಾರತದ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು. ಆ ತೀರ್ಮಾನ ಸರಿ ಎಂದೇ ನಾನು ಹೇಳುತ್ತೇನೆ. ತಣ್ಣನೆ ಹುಲ್ಲಿನಲ್ಲಿ, 90 ನಿಮಿಷ, ಬೂಟಿನವರ ನಡುವೆ ಆಡಬೇಕಾದವನಿಗೆ ಬೂಟು ಬೇಕು. ಕನಕಪುರ, ಮಾಗಡಿಯ ಮಕ್ಕಳು ಇಂದು ಬೂಟಿಲ್ಲದೆ ಆಡುತ್ತಿದ್ದರೆ ನಾವು ಅದನ್ನು ಪರಂಪರೆ ಎಂದು ಹೊಗಳಬಾರದು, ಬೂಟು ಕೊಡಿಸಬೇಕು. ಆದರೆ ಆ ಆಜ್ಞೆ ಬಂದ ದಿನ ಹತ್ತು ಹದಿನೈದು ವರ್ಷ ಅಂಗಾಲಿನಿಂದ ಕಲಿತ ಒಂದು ವಿದ್ಯೆ ಒಮ್ಮೆಲೇ ಚಲಾವಣೆ ಕಳೆದುಕೊಂಡಿತೆನ್ನುವುದನ್ನೂ ಒಪ್ಪಬೇಕು. ಬೂಟಿನೊಳಗೆ ಬೆರಳು ಕುರುಡಾಗುತ್ತದೆ. ಚೆಂಡು ಎಲ್ಲಿ ತಾಗಿತೆಂಬುದು ಅರ್ಧ ಕ್ಷಣ ತಡವಾಗಿ ತಿಳಿಯುತ್ತದೆ. ಹಿಮ್ಮಡಿಯ ಎತ್ತರ ಬದಲಾಗಿ ಮೈತೂಕವೇ ಮುಂದಕ್ಕೆ ಸರಿಯುತ್ತದೆ. ಆಗ ಅಹಮದ್ ಖಾನ್ ಇಪ್ಪತ್ತಾರರ ಆಸುಪಾಸಿನಲ್ಲಿದ್ದರು. ಆ ವಯಸ್ಸಿಗೆ ಆಟಗಾರ ತನ್ನ ವಿದ್ಯೆಯ ಫಲ ಉಣ್ಣುತ್ತಾನೆ. ಹೊಸದಾಗಿ ಅಕ್ಷರಾಭ್ಯಾಸ ಮಾಡುವುದಿಲ್ಲ. ಅವರು ಆಟ ಬಿಡಲಿಲ್ಲ. ಬೂಟಿನ ಕಾಲದಲ್ಲೂ ಈಸ್ಟ್ ಬೆಂಗಾಲ್‌ನ ನಾಯಕರಾದರು. 1959ರವರೆಗೆ ಆ ಕ್ಲಬ್ಬಿನಲ್ಲಿದ್ದರು. ಒಂದು ಕಸುಬಿನ ಕೊನೆಯ ದೊಡ್ಡ ಮೇಷ್ಟ್ರು ಇನ್ನೊಂದು ಕಸುಬಿಗೆ ಒಗ್ಗಿಕೊಂಡು ಆರೇಳು ವರ್ಷ ಆಡಿದರೆನ್ನುವುದು ನನ್ನ ಮಟ್ಟಿಗೆ ಅವರ ಗೋಲುಗಳಿಗಿಂತ ಮೇಲು.

ಈಚೆಗೆ ಹಿಂದಿಯಲ್ಲಿ ಬಂದ "ಮೈದಾನ್" ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕೋಚ್ ರಹೀಮ್ ಅವರ ಮೇಲೆ 2024ರಲ್ಲಿ ತೆರೆಕಂಡ ಚಿತ್ರ. ಅದು ಶುರುವಾಗುವುದೇ ಹೆಲ್ಸಿಂಕಿಯ ಸೋಲಿನಿಂದ. ರಹೀಮ್ ಸಾಹೇಬರಿಗೆ ಸಲ್ಲಬೇಕಾದ ಗೌರವ ಅದು, ತಡವಾಗಿಯಾದರೂ ಸಂದಿತು. ಆದರೆ ಸಿನಿಮಾ ನೋಡಿ ಬಂದವರು ಬರಿಗಾಲನ್ನು ಬರೀ ಸೋಲಿನ ಕಾರಣವಾಗಿ ನೆನಪಿಟ್ಟುಕೊಳ್ಳುತ್ತಾರೆಂಬ ಭಯ ನನಗಿದೆ. ಲಂಡನ್ನಿನಲ್ಲಿ ಫ್ರಾನ್ಸ್ ತಂಡವನ್ನು 89ನೆಯ ನಿಮಿಷದವರೆಗೆ ಹಿಡಿದು ನಿಲ್ಲಿಸಿದ್ದೂ ಅದೇ ಕಾಲು. ದೆಹಲಿಯಲ್ಲಿ ಚಿನ್ನ ಗೆದ್ದದ್ದೂ ಅದೇ ಕಾಲು.

ಆಟ ಬಿಟ್ಟ ಮೇಲಿನ ಅವರ ಬದುಕು ಸದ್ದಿಲ್ಲದ್ದು. ಆಟಗಾರರಿಗೆ ಅರ್ಜುನ ಪ್ರಶಸ್ತಿ ಕೊಡಲು ಶುರುವಾದದ್ದು 1961ರಲ್ಲಿ. ಆ ಹೊತ್ತಿಗೆ ಅವರ ಈಸ್ಟ್ ಬೆಂಗಾಲ್ ದಿನಗಳು ಮುಗಿದಿದ್ದವು. ಅವರ ಆಟ ಟೀವಿಗಿಂತ ಮುಂಚಿನದು. ಕುಸ್ತಿಯ ಪೈಲ್ವಾನರಿಗೆ ನಮ್ಮಲ್ಲಿ ಗರಡಿ ಮನೆಯ ನೆನಪು ಉಳಿದಿದೆ, ಕ್ರಿಕೆಟ್ಟಿನವರಿಗೆ ಅಂಕಿಅಂಶದ ಪುಸ್ತಕ ಉಳಿದಿದೆ. ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರು ಮಾತ್ರ ಬರೆದಿಡುತ್ತಾರೆ. ಮೂವರನ್ನು ದಾಟಿ ಚೆಂಡು ಕೊಟ್ಟವನ ಹೆಸರು ಆ ಸಂಜೆಯ ಪ್ರೇಕ್ಷಕರ ಜೊತೆಗೇ ಹೋಗುತ್ತದೆ. ಅಹಮದ್ ಖಾನ್ ಅವರ ಆಟದ ಬಹುಪಾಲು ಅಂಥದು. ಅದರ ಮೇಲೆ ಅವರು ಆಡಿದ್ದು ಕಲ್ಕತ್ತಾದಲ್ಲಿ. ಅವರ ಬಗ್ಗೆ ಬರೆದವರೂ ಬಂಗಾಳಿಗಳೇ. ಕನ್ನಡದಲ್ಲಿ ಅವರ ಮೇಲೆ ಒಂದು ಪೂರ್ಣ ಪುಸ್ತಕ ಬರಬೇಕು. ಆಟದ ಒಳಮರ್ಮ ತಿಳಿದ ದೈಹಿಕ ಶಿಕ್ಷಕರೇ ಅದನ್ನು ಬರೆದರೆ ಇನ್ನೂ ಚೆನ್ನ.

ಕೊನೆಯ ವರ್ಷಗಳಲ್ಲಿ ಅವರಿದ್ದ ಇದೇ ಬೆಂಗಳೂರಿನಲ್ಲಿ ಫುಟ್‌ಬಾಲ್ ಮತ್ತೆ ಕಳೆಗಟ್ಟಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಯಿತು, 2016ರಲ್ಲಿ ಎ.ಎಫ್.ಸಿ. ಕಪ್‌ನ ಫೈನಲ್ ತಲುಪಿತು. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಜೆರ್ಸಿ ತೊಟ್ಟು ಕುಣಿಯುವ ಹುಡುಗರಲ್ಲಿ ಬಿಡದಿ, ರಾಮನಗರಗಳಿಂದ ಹೋದವರೂ ಇದ್ದಾರೆ. 2017ರಲ್ಲಿ ಅಹಮದ್ ಖಾನ್ ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಎತ್ತಿತು. ಅದಕ್ಕೂ ಮುಂಚೆ ನಾವು ಅದನ್ನು ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ನಡುವೆ 54 ವರ್ಷ.

ದತ್ತಿಯ ಸಮಿತಿಗೆ ಒಂದು ಕೋರಿಕೆ ಇಟ್ಟು ನಿಲ್ಲಿಸುತ್ತೇನೆ. ಮುಂದಿನ ಉಪನ್ಯಾಸಕ್ಕೆ ಮಾರಿಯಪ್ಪ ಕೆಂಪಯ್ಯ ಅವರನ್ನು ಆರಿಸಿಕೊಳ್ಳಿ. ಅಹಮದ್ ಖಾನ್ ಅವರ ನಂತರದ ತಲೆಮಾರಿನ ಹಾಫ್‌ಬ್ಯಾಕ್ ಅವರು, ಬೂಟಿನ ಕಾಲದವರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಲ್ಲಿ ಸೋಲಿಸಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿದ್ದರು, 1960ರಲ್ಲಿ ರೋಮಿಗೂ ಹೋಗಿದ್ದರು. ಅಲ್ಲಿ ಭಾರತ ಫ್ರಾನ್ಸ್ ಜೊತೆ 1-1ರಲ್ಲಿ ಸಮ ಮಾಡಿಕೊಂಡಿತು. ಅವರ ಜೊತೆ ಆಡಿದವರು, ಅವರ ಆಟ ನೋಡಿದವರು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಸಿಗಬಹುದು. ಹೈಸ್ಕೂಲಿನ ಹುಡುಗ ಹುಡುಗಿಯರು ಶಿಕ್ಷಕರ ಜೊತೆ ಹೋಗಿ ಅವರ ಬಾಯಿಂದಲೇ ಕೇಳಿ ಬರೆದುಕೊಂಡು ಬರಲಿ. ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಖರ್ಚಿಗೆ ಈ ದತ್ತಿಯ ಬಡ್ಡಿ ಸಾಕಾಗುತ್ತದೆ.